ಸೌದೆ ಒಲೆಯ ದಕ್ಷತೆ ಅಳೆಯುವುದು ಹೇಗೆ: ನೀರು ಕುದಿಸುವ ಪರೀಕ್ಷೆ

ಉರಿದ ಸೌದೆಯಿಂದ ಹೊರಬಂದ ಶಾಖದಲ್ಲಿ ಪಾತ್ರೆಗೆ ಸೇರಿದ ಪಾಲು ಎಷ್ಟು ಎಂಬುದೇ ಒಲೆಯ ದಕ್ಷತೆ. ಅದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಳ್ಳೆಯ ತೂಕದ ಯಂತ್ರ, ಥರ್ಮಾಮೀಟರ್, ಐದು ಲೀಟರ್ ನೀರು ಇದ್ದರೆ ಆಯಿತು. ಕಷ್ಟವಿರುವುದು ಬೇರೆ ಕಡೆ: ಸೌದೆಯೊಳಗಿನ ತೇವ ಮತ್ತು ಕೊನೆಗೆ ಉಳಿದ ಕೆಂಡ. ಇವೆರಡರ ಲೆಕ್ಕ ತಪ್ಪಿದರೆ ಮಿಕ್ಕ ಅಳತೆಗಳು ಎಷ್ಟೇ ಕರಾರುವಾಕ್ಕಾಗಿದ್ದರೂ ಕೊನೆಯಲ್ಲಿ ಸಿಗುವ ಶೇಕಡಾವಾರು ಅಂಕಿಗೆ ಬೆಲೆಯಿಲ್ಲ.

ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಮಾನಕವು ಸಹಜ ಗಾಳಿಯಲ್ಲಿ ಉರಿಯುವ ಒಲೆಗೆ ಕನಿಷ್ಠ ಶೇ 25, ಫ್ಯಾನ್ ಇರುವ ಒಲೆಗೆ ಕನಿಷ್ಠ ಶೇ 35 ದಕ್ಷತೆ ಕೇಳುತ್ತದೆ. ಅದರ ಪರೀಕ್ಷಾ ವಿಧಾನ ಸ್ವಲ್ಪ ಬೇರೆ: ನೀರು 95 ಡಿಗ್ರಿ ತಲುಪಿದೊಡನೆ ಪಾತ್ರೆ ಬದಲಿಸುತ್ತ ಹೋಗುತ್ತಾರೆ. ಇಲ್ಲಿ ಹೇಳಿರುವುದು ಬೇರೆ ಬೇರೆ ದೇಶಗಳ ಒಲೆ ಸಂಶೋಧಕರು ಬಳಸುವ ನೀರು ಕುದಿಸುವ ಪರೀಕ್ಷೆ. ಹೊಸ ಒಲೆ ಕಟ್ಟುವವರಿಗೂ ಎಂಜಿನಿಯರಿಂಗ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೂ ಇದೇ ಅನುಕೂಲ.

ಬೇಕಾದ ಸಾಮಾನು

ತೂಕದ ಯಂತ್ರ ಕನಿಷ್ಠ 10 ಕಿಲೋ ತಡೆಯಬೇಕು, 1 ಗ್ರಾಂ ವ್ಯತ್ಯಾಸ ತೋರಿಸಬೇಕು. ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟರೆ ಒಳಗಿನ ಸೆನ್ಸರ್ ಕೆಟ್ಟು ಓದು ಜಾರುತ್ತದೆ. ಮೇಲೊಂದು ಮರದ ಹಲಗೆ ಇಟ್ಟು, ಅದರ ತೂಕವನ್ನು ಸೊನ್ನೆ ಮಾಡಿಕೊಳ್ಳಿ. ಕೆ-ಮಾದರಿಯ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದ, ತಾಪ ಅಳೆಯುವ ಸಾಧನ) ಅಥವಾ ಅರ್ಧ ಡಿಗ್ರಿ ನಿಖರತೆಯ ಡಿಜಿಟಲ್ ಥರ್ಮಾಮೀಟರ್, ಇಕ್ಕಳ, ದಪ್ಪ ಕೈಗವಸು, ಮುಚ್ಚಳವಿರುವ ತಗಡಿನ ಡಬ್ಬಿ, ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಪಾತ್ರೆ. ಪಾತ್ರೆಗಳ ತಳ ಚಪ್ಪಟೆಯಾಗಿರಲಿ. ತಳ ತಗ್ಗುದಿಣ್ಣೆಯಾಗಿದ್ದರೆ ಬಿಸಿ ಅನಿಲ ಹರಿಯುವ ಸಂದಿ ಬದಲಾಗಿ, ಒಂದೇ ಒಲೆ ಎರಡು ಪಾತ್ರೆಗೆ ಎರಡು ಫಲಿತಾಂಶ ಕೊಡುತ್ತದೆ.

ಸೌದೆ

ನೀಲಗಿರಿ, ಸರ್ವೆ, ಜಾಲಿ ಯಾವುದಾದರೂ ಸರಿ, ಆದರೆ ಇಡೀ ಪರೀಕ್ಷಾ ಸರಣಿಗೆ ಒಂದೇ ಜಾತಿ, ಒಂದೇ ಲಾಟು. ತೊಗಟೆ ತೆಗೆದು, ಸುಮಾರು 2ರಿಂದ 3 ಸೆಂಟಿಮೀಟರ್ ಚೌಕದ ತುಂಡುಗಳಾಗಿ ಸೀಳಿ. ದಪ್ಪ ಕೊರಡು ನಿಧಾನವಾಗಿ ಉರಿದು ಕೆಂಡ ಹೆಚ್ಚು ಉಳಿಸುತ್ತದೆ. ತೆಳ್ಳಗಿನ ಚಕ್ಕೆ ಒಮ್ಮೆಲೇ ಭಗ್ಗನೆ ಹೊತ್ತಿ ಅರ್ಧ ಶಾಖವನ್ನು ಹೊಗೆಗೂಡಿಗೆ ಕಳಿಸುತ್ತದೆ. ಎರಡನ್ನೂ ಬೆರಸಿದರೆ ನೀವು ಅಳೆಯುತ್ತಿರುವುದು ಒಲೆಯನ್ನಲ್ಲ, ಸೌದೆ ಸೀಳಿದವರ ಕೈಯನ್ನು.

ತೇವ ಅಳೆಯಲು ಬೇರೆ ಬೇರೆ ತುಂಡುಗಳ ನಡುಭಾಗದಿಂದ ಚಕ್ಕೆ ತೆಗೆದು ತೂಗಿ, 105 ಡಿಗ್ರಿ ಓವನ್‌ನಲ್ಲಿ ಒಂದು ದಿನ ಇಡಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಕಳೆದುಹೋದ ತೂಕವನ್ನು ಮೊದಲಿನ ಹಸಿ ತೂಕದಿಂದ ಭಾಗಿಸಿದರೆ ಹಸಿ ಲೆಕ್ಕದ ತೇವ. ಓವನ್ ಇಲ್ಲದಿದ್ದರೆ ಎರಡು ಮೊಳೆ ಚುಚ್ಚುವ ತೇವಮಾಪಕವೂ ನಡೆಯುತ್ತದೆ, ಆದರೆ ಅದು ಸಾಮಾನ್ಯವಾಗಿ ಒಣ ಲೆಕ್ಕದ ಅಂಕಿ, ಅಂದರೆ ತೇವವನ್ನು ಒಣಗಿದ ತೂಕದಿಂದ ಭಾಗಿಸಿದ್ದನ್ನು, ತೋರಿಸುತ್ತದೆ. ಮಾಪಕದ ಶೇ 25 ಎಂದರೆ ಹಸಿ ಲೆಕ್ಕದಲ್ಲಿ 0.25 ÷ 1.25, ಅಂದರೆ ಶೇ 20. ಇದನ್ನು ಪರಿವರ್ತಿಸದೆ ಹಾಗೇ ಸೂತ್ರಕ್ಕೆ ಹಾಕುವುದು ಪ್ರಾಜೆಕ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ತಪ್ಪು.

ನಿಮ್ಮೂರಿನ ಕುದಿಬಿಂದು

ಮಂಗಳೂರಿನಲ್ಲಿ ನೀರು ಹೆಚ್ಚುಕಡಿಮೆ 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿ ಬರುತ್ತದೆ, ಮಡಿಕೇರಿಯಲ್ಲಿ 96ರ ಆಸುಪಾಸು. ಪುಸ್ತಕದ 100 ನಂಬಿ ಕಾಯುತ್ತ ಕೂತರೆ ಬೆಂಗಳೂರಿನಲ್ಲಿ ಪರೀಕ್ಷೆ ಮುಗಿಯುವುದೇ ಇಲ್ಲ. ಮೊದಲು ನೀರನ್ನು ಕೊತಕೊತ ಕುದಿಸಿ, ಐದು ನಿಮಿಷದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಓದುಗಳ ಸರಾಸರಿ ತೆಗೆಯಿರಿ. ಅದೇ ನಿಮ್ಮ ಕುದಿಬಿಂದು. ಥರ್ಮಾಮೀಟರಿನಲ್ಲೇ ಅರ್ಧ ಡಿಗ್ರಿ ದೋಷವಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ.

ತಣ್ಣನೆಯ ಒಲೆಯಿಂದ ಶುರು

ಒಲೆ ಹಿಂದಿನ ರಾತ್ರಿಯಿಂದ ಆರಿರಬೇಕು. ಪಾತ್ರೆಯನ್ನು ಬರಿದಾಗಿ ಒಮ್ಮೆ, 5 ಕಿಲೋ ನೀರು ಹಾಕಿ ಒಮ್ಮೆ ತೂಗಿ. ನೀರು ಕೋಣೆಯ ತಾಪದಲ್ಲಿರಲಿ. ಬಿಸಿಲಿಗೆ ಕಾದ ಟ್ಯಾಂಕಿನ ನೀರು ಬೇಡ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಕಡ್ಡಿ ಕಟ್ಟಿ, ಥರ್ಮೋಕಪಲ್ ತುದಿ ನಡುಮಧ್ಯದಲ್ಲಿ, ತಳದಿಂದ 5 ಸೆಂಟಿಮೀಟರ್ ಮೇಲೆ ನಿಲ್ಲುವಂತೆ ಮಾಡಿ. ತುದಿ ತಳಕ್ಕೆ ತಾಗಿದರೆ ಲೋಹದ ತಾಪ ತೋರಿಸುತ್ತದೆ.

ಮುಚ್ಚಳ ಮುಚ್ಚಬೇಡಿ. ಅಡುಗೆಮನೆಯಲ್ಲಿ ಮುಚ್ಚಳ ಹಾಕುವುದೇ ಜಾಣತನ, ನಿಜ. ಪರೀಕ್ಷೆಯಲ್ಲಿ ಮಾತ್ರ ಅದರ ಅಂಚಿನಿಂದ ಆವಿ ಎಷ್ಟು ನುಸುಳಿತು, ಎಷ್ಟು ಹನಿಗಟ್ಟಿ ಮರಳಿ ಬಿತ್ತು ಎಂಬುದು ಪ್ರತಿ ಸಲ ಬದಲಾಗಿ, ಫಲಿತಾಂಶ ಚದುರುತ್ತದೆ.

ಒಂದು ಕಿಲೋದಷ್ಟು ಸೌದೆಯ ಕಟ್ಟನ್ನು ತೂಗಿ ಬದಿಗಿಡಿ, ಹೊತ್ತಿಸುವ ಚಕ್ಕೆಯೂ ಅದರಲ್ಲೇ ಸೇರಿರಲಿ. ಸೀಮೆಎಣ್ಣೆ ಬಳಸಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ: 10 ಮಿಲಿಲೀಟರ್‌ನಲ್ಲಿ ಸುಮಾರು 345 ಕಿಲೋಜೌಲ್ ಇರುತ್ತದೆ, ಕಡೆಗಣಿಸುವಷ್ಟು ಸಣ್ಣದೇನಲ್ಲ. ಬೆಂಕಿ ಹಿಡಿದ ಕ್ಷಣದಿಂದ ಸಮಯ ಶುರು. ಉರಿ ಸಮನಾಗಿರಲಿ, ಪಾತ್ರೆಯ ಪಕ್ಕದಿಂದ ಜ್ವಾಲೆ ಮೇಲಕ್ಕೆ ನೆಗೆಯದಿರಲಿ. ಬೀಸುಗಾಳಿ ಬರುವ ಬದಿಯನ್ನು ತಡೆಯಿರಿ. ಆದರೆ ಕೋಣೆಯನ್ನು ಪೂರ್ತಿ ಮುಚ್ಚಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಕುದಿಬಿಂದು ತಲುಪಿದೊಡನೆ ಸಮಯ ಬರೆದುಕೊಳ್ಳಿ. ಮುಂದಿನ ಒಂದೆರಡು ನಿಮಿಷದಲ್ಲಿ ಕೈ ಚುರುಕಾಗಿ ಓಡಬೇಕು, ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಪಾತ್ರೆಯನ್ನು ನೀರಿನ ಸಮೇತ ತೂಗಲಿ. ಇನ್ನೊಬ್ಬರು ಉರಿಯುವ ಕೊಳ್ಳಿಗಳನ್ನು ಹೊರಗೆಳೆದು, ತುದಿಯ ಕೆಂಡವನ್ನು ಡಬ್ಬಿಗೆ ಕುಟ್ಟಿ ಉದುರಿಸಿ, ಉಳಿದ ಕಟ್ಟಿಗೆಯನ್ನು ಬೂದಿಯಲ್ಲಿ ಅದುಮಿ ಆರಿಸಿ, ಒರೆಸಿ ತೂಗಲಿ. ಒಲೆಯೊಳಗಿನ ಕೆಂಡವೂ ಡಬ್ಬಿಗೆ ಬರಲಿ. ಕೂಡಲೇ ಮುಚ್ಚಳ ಹಾಕಿ. ಬಯಲಲ್ಲಿ ಬಿಟ್ಟ ಕೆಂಡ ಉರಿಯುತ್ತಲೇ ಇರುತ್ತದೆ, ತೂಕದ ಯಂತ್ರದ ಮೇಲೆ ಅಂಕಿ ಗ್ರಾಂ ಗ್ರಾಂ ಇಳಿಯುವುದು ಕಣ್ಣಿಗೇ ಕಾಣುತ್ತದೆ. ನೀರು ಚಿಮುಕಿಸಿ ಆರಿಸಿದರೆ ಇದ್ದಿಲು ನೀರು ಕುಡಿದು ಭಾರವಾಗುತ್ತದೆ. ಬೂದಿ ಸೇರಿದ್ದರೆ ಜರಡಿ ಹಿಡಿಯಿರಿ.

ಬಿಸಿ ಒಲೆ, ಆಮೇಲೆ ಸಣ್ಣ ಉರಿ

ಒಲೆ ಆರುವ ಮೊದಲೇ ಎರಡನೆಯ ಪಾತ್ರೆ, ಹೊಸ 5 ಕಿಲೋ ನೀರು, ಎರಡನೆಯ ಕಟ್ಟಿನಿಂದ ಅದನ್ನೇ ಮತ್ತೊಮ್ಮೆ ಮಾಡಿ. ಈ ಸಲ ಕೆಂಡ ತೆಗೆಯಬೇಡಿ. ಮೊದಲ ಸಲದಷ್ಟೇ ಇದೆ ಎಂದು ಹಿಡಿಯುವುದು ರೂಢಿ. ಕಟ್ಟಿಗೆ ಮತ್ತು ಪಾತ್ರೆಯನ್ನು ಬೇಗ ತೂಗಿ ಹಿಂದಿಟ್ಟು, 45 ನಿಮಿಷ ಸಣ್ಣ ಉರಿಯಲ್ಲಿ ನೀರನ್ನು ಕುದಿಬಿಂದುವಿಗಿಂತ 3 ಡಿಗ್ರಿ ಕೆಳಗೆ ಹಿಡಿದಿಡಿ. 6 ಡಿಗ್ರಿಗಿಂತ ಕೆಳಗೆ ಜಾರಿದರೆ ಆ ಪರೀಕ್ಷೆ ರದ್ದು. ಕೊನೆಗೆ ಸಿಗುವ ಕೆಂಡದಿಂದ ಮೊದಲ ಸಲದ ಕೆಂಡವನ್ನು ಕಳೆದರೆ ಸಣ್ಣ ಉರಿಯ ಪಾಲು ಸಿಗುತ್ತದೆ.

ತಣ್ಣನೆ ಮತ್ತು ಬಿಸಿ ಒಲೆಯ ಅಂಕಿಗಳ ಅಂತರದಲ್ಲಿ ಒಲೆಯ ಮೈ ಎಷ್ಟು ಶಾಖ ನುಂಗುತ್ತದೆ ಎಂಬುದು ಬಯಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಘಟಕದ ಮೂರು ಪಾತ್ರೆಯ ಅಸ್ತ್ರ ಒಲೆಯಂಥ ದಪ್ಪ ಗೋಡೆಯ ಒಲೆಗಳಲ್ಲಿ ಈ ಅಂತರ ಎದ್ದು ಕಾಣುತ್ತದೆ, ತೆಳು ತಗಡಿನ ಒಲೆಯಲ್ಲಿ ಕಡಿಮೆ. ಹಲವು ಪಾತ್ರೆಯ ಒಲೆಗಳಲ್ಲಿ ಮೊದಲ ಪಾತ್ರೆ ಕುದಿದಾಗ ನಿಲ್ಲಿಸಿ, ಎಲ್ಲ ಪಾತ್ರೆಗಳ ಶಾಖವನ್ನೂ ಕೂಡಿಸಬೇಕು.

ಲೆಕ್ಕ

ಒಂದು ಮಾದರಿ ಹಿಡಿಯೋಣ. ನೀರು 5 ಕಿಲೋ, 25ರಿಂದ 97 ಡಿಗ್ರಿಗೆ, ಏರಿಕೆ 72. ಪಾತ್ರೆ 0.9 ಕಿಲೋ ಅಲ್ಯೂಮಿನಿಯಂ. ಆವಿಯಾದದ್ದು 180 ಗ್ರಾಂ. ಸುಟ್ಟ ಸೌದೆ 620 ಗ್ರಾಂ, ತೇವ ಹಸಿ ಲೆಕ್ಕದಲ್ಲಿ ಶೇ 12. ಕೆಂಡ 45 ಗ್ರಾಂ. ಸಮಯ 24 ನಿಮಿಷ.

ಪಾತ್ರೆಗೆ ಸೇರಿದ ಶಾಖ (4.186 ಮತ್ತು 0.896 ಎಂದರೆ ಒಂದು ಕಿಲೋ ನೀರು, ಒಂದು ಕಿಲೋ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು ಬೇಕಾದ ಕಿಲೋಜೌಲ್; 2260 ಎಂದರೆ ಒಂದು ಕಿಲೋ ನೀರು ಆವಿಯಾಗಲು ಬೇಕಾದದ್ದು):
ನೀರು ಕಾಯಲು 5 × 4.186 × 72 = 1507 ಕಿಲೋಜೌಲ್
ಪಾತ್ರೆ ಕಾಯಲು 0.9 × 0.896 × 72 = 58
ಆವಿಗೆ 0.18 × 2260 = 407
ಒಟ್ಟು 1972

ಸೌದೆ ಕೊಟ್ಟದ್ದು:
ಒಣ ಸೌದೆ 0.620 × 0.88 = 0.546 ಕಿಲೋ; ಕಿಲೋಗೆ 18,500 ಕಿಲೋಜೌಲ್‌ನಂತೆ ಸುಮಾರು 10,094
ಸೌದೆಯ ತೇವ ಆರಿಸಲು ಖರ್ಚು: 0.0744 ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 191
ಉಳಿದ ಕೆಂಡದಲ್ಲಿರುವುದು, ಕಿಲೋಗೆ 29,500ರಂತೆ, 0.045 × 29,500 = 1328
ನಿವ್ವಳ 10,094 − 191 − 1328 = 8575

ದಕ್ಷತೆ 1972 ÷ 8575, ಅಂದರೆ ಶೇ 23. ಉರಿಯ ಶಕ್ತಿ 8575 ÷ 1440 ಸೆಕೆಂಡ್, ಸುಮಾರು 6 ಕಿಲೋವ್ಯಾಟ್.

ಇದೇ ಅಳತೆಯಲ್ಲಿ ಕೆಂಡವನ್ನು ಮರೆತರೆ ಶೇ 20ಕ್ಕೆ ಇಳಿಯುತ್ತದೆ. ತೇವ ನಿಜವಾಗಿ ಶೇ 25 ಇದ್ದು ನೀವು 12 ಎಂದು ಬರೆದಿದ್ದರೆ, ಸರಿಯಾದ ಉತ್ತರ ಸುಮಾರು ಶೇ 29. ಒಲೆ ಅದೇ, ಉರಿ ಅದೇ. ಮಾನಕದ ಗೆರೆ ದಾಟಿದ ಒಲೆ ಕಾಗದದ ಮೇಲೆ ಫೇಲಾಗಿಬಿಡುತ್ತದೆ.

ಸಣ್ಣ ಉರಿಯ ಹಂತದಲ್ಲಿ ಮಾತ್ರ ದಕ್ಷತೆಯ ಅಂಕಿಯನ್ನು ನಂಬಬೇಡಿ. ಸೂತ್ರ ಆವಿಯನ್ನು ಉಪಯುಕ್ತ ಕೆಲಸ ಎಂದೇ ಎಣಿಸುತ್ತದೆ. ಬೇಳೆ ಬೇಯಲು ಬೇಕಾದದ್ದು ತಾಪ. ಆವಿ ಹಾರಿದಷ್ಟೂ ಸೌದೆ ದಂಡ. ಉರಿ ತಗ್ಗಿಸಲು ಬಾರದ ಒಲೆ ಹೆಚ್ಚು ಆವಿ ಎಬ್ಬಿಸಿ ಹೆಚ್ಚು ಅಂಕ ಗಿಟ್ಟಿಸುತ್ತದೆ. ಅಲ್ಲಿ ನೋಡಬೇಕಾದದ್ದು ಉಳಿದ ಪ್ರತಿ ಲೀಟರ್ ನೀರಿಗೆ ಎಷ್ಟು ಗ್ರಾಂ ಒಣ ಸೌದೆ ಹೋಯಿತು ಎಂಬುದು. ಮೇಲಿನ ಮಾದರಿಯಲ್ಲಿ, ಕುದಿ ಬರಿಸಲು, ಅದು 8575 ÷ 18,500 = 0.464 ಕಿಲೋ, ಉಳಿದ 4.82 ಲೀಟರ್‌ಗೆ ಹಂಚಿದರೆ ಲೀಟರಿಗೆ 96 ಗ್ರಾಂ.

ಫಲಿತಾಂಶ ಬಂದ ಮೇಲೆ

ಕನಿಷ್ಠ ಮೂರು ಸಲ ಮಾಡದೆ ಯಾವ ಅಂಕಿಯನ್ನೂ ಪ್ರಕಟಿಸಬೇಡಿ. ಸರಾಸರಿಯ ಜೊತೆ ಮಾನಕ ವಿಚಲನೆಯನ್ನೂ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕೊಡಿ. ಒಂದು ಒಲೆಗೆ 23, 26, 21 ಬಂದು ಇನ್ನೊಂದಕ್ಕೆ 25, 22, 27 ಬಂದರೆ ಎರಡನೆಯದು ಮೇಲು ಎನ್ನಲು ಆಧಾರವಿಲ್ಲ. ಇನ್ನಷ್ಟು ಸಲ ಮಾಡಬೇಕು.

ದಕ್ಷತೆ ಕಡಿಮೆ ಬಂದರೆ ಮೊದಲು ಪಾತ್ರೆಯ ಸುತ್ತ ನೋಡಿ. ಬಿಸಿ ಅನಿಲ ಪಾತ್ರೆಯ ಮೈಗೆ ಉಜ್ಜಿಕೊಂಡು ಹೋದಷ್ಟೂ ಶಾಖ ಬಿಟ್ಟುಕೊಡುತ್ತದೆ. ಸುತ್ತ ತಗಡಿನ ಕವಚ ಕಟ್ಟಿ, ಸಂದಿಯನ್ನು 1 ಸೆಂಟಿಮೀಟರ್ ಆಸುಪಾಸಿಗೆ ತಂದು ಮತ್ತೆ ಅಳೆಯಿರಿ. ಸಂದಿ ತೀರಾ ಕಿರಿದಾದರೆ ಗಾಳಿಯ ಎಳೆತ ಸತ್ತು ಬಾಯಿಯಿಂದ ಹೊಗೆ ನುಗ್ಗುತ್ತದೆ, ಪಾತ್ರೆಯ ತಳ ಮಸಿಯಾಗುತ್ತದೆ. ಆಗ ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಸರಿಯಿರಿ. ಎರಡನೆಯ ಶಂಕಿತ ಸೌದೆ ತುರುಕುವ ಬಾಯಿ. ಅದು ಅಗತ್ಯಕ್ಕಿಂತ ದೊಡ್ಡದಾದರೆ ಬೇಡದ ತಣ್ಣನೆ ಗಾಳಿ ಒಳನುಗ್ಗಿ, ಶಾಖ ಹೊತ್ತು ಹೊಗೆಗೂಡಿನಿಂದ ಹೊರಬೀಳುತ್ತದೆ.

ಒಲೆ ಮನೆಗೆ ಹೋಗುವುದಾದರೆ ನೀರಿನ ಅಂಕಿಯಷ್ಟೇ ಸಾಲದು. ಅದೇ ಊರಿನ, ದಿನಾ ಅಡುಗೆ ಮಾಡುವವರಿಗೆ ಅಷ್ಟೇ ಅಕ್ಕಿ, ಬೇಳೆ, ರಾಗಿ ಹಿಟ್ಟು ತೂಗಿ ಕೊಟ್ಟು, ಹಳೆ ಒಲೆಯಲ್ಲಿ ಮೂರು ಸಲ, ಹೊಸದರಲ್ಲಿ ಮೂರು ಸಲ ಅದೇ ಅಡುಗೆ ಮಾಡಿಸಿ, ಸೌದೆಯನ್ನು ಮೊದಲೂ ಕೊನೆಗೂ ತೂಗಿ. ಮುದ್ದೆ ತಿರುವುವಾಗ ಪಾತ್ರೆ ಅಲುಗಾಡುತ್ತದೆಯೇ ಎಂಬುದು ಈ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.