ಮೂರು ಪಟ್ಟಿಯ ವಿಳಾಸಗಳು ಕೊನೆಗೆ ಹೊಂದಿಕೊಂಡದ್ದು ಹೀಗೆ

ಗ್ರಾಮ ಪಂಚಾಯಿತಿ, ಪುರಸಭೆ, ಜಿಲ್ಲಾ ಕಚೇರಿ. ಮೂರು ಕಡೆಯ ವಿಳಾಸ ಪಟ್ಟಿಗಳನ್ನು ಒಂದು ಮಾಡುವ ಕೆಲಸ ನನಗೆ ಬಂದಿತ್ತು. ಒಂದರಲ್ಲಿ ‘ಬೆಳಗಾಂ’, ಇನ್ನೊಂದರಲ್ಲಿ ‘ಬೆಳಗಾವಿ’. ಹೆಸರು ಬದಲಾಗಿದ್ದು 2014ರ ನವೆಂಬರ್ 1ರಂದು. ಹಳೆಯ ಕಡತಗಳಿಗೂ ಅದು ಗೊತ್ತಾಗಬೇಕಲ್ವಾ!

ಜಾಸ್ತಿ ಕಾಡಿದ್ದು ಅಕ್ಷರ. ಹಳೆಯ ಪಟ್ಟಿ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟ್‌ನಲ್ಲಿತ್ತು. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಕಡತದ ಒಳಗಿರುವುದು ಬೇರೆಯೇ ಸಂಕೇತ. ಹುಡುಕಿದರೆ ಏನೂ ಸಿಗುವುದಿಲ್ಲ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತಂದೆ. ಅರ್ಧ ತಲೆನೋವು ಅಲ್ಲೇ ಹೋಯಿತು.

ಆಮೇಲೆ ಊರಿನ ಹೆಸರನ್ನು ನಂಬುವುದು ಬಿಟ್ಟೆ. ಸುಮ್ನೆ ‘ಹೊಸೂರು’ ಅಂದರೆ ಯಾವ ತಾಲ್ಲೂಕಿನದು? ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ, ಸ್ಥಳೀಯ ಸಂಸ್ಥೆ ಎಲ್ಲಕ್ಕೂ ಒಂದೊಂದು ಕೋಡ್ ಇದೆ. ಹೊಂದಿಸಲು ಅದನ್ನೇ ಹಿಡಿದೆ. ಪಿನ್ ಕೋಡ್ ಇದಕ್ಕೆ ಸಾಲದು. ಅದು ಅಂಚೆ ಹಂಚಲು ಮಾಡಿದ್ದು, ಒಂದೇ ಪಿನ್‌ನಲ್ಲಿ ಹಲವು ಹಳ್ಳಿ ಬರುತ್ತವೆ.

‘2ನೇ ಕ್ರಾಸ್’, ‘ಎರಡನೇ ಅಡ್ಡರಸ್ತೆ’ ಎಲ್ಲ ಒಂದೇ ರೂಪಕ್ಕೆ ಬಂದವು. ‘ದ್ಯಾಮವ್ವನ ಗುಡಿ ಹಿಂದೆ’ ಅನ್ನುವುದನ್ನು ಮಾತ್ರ ಅಳಿಸಲಿಲ್ಲ, ಬೇರೆ ಕಾಲಂಗೆ ಹಾಕಿದೆ. ಮನೆ ಹುಡುಕುವವರಿಗೆ ಬೇಕಾದದ್ದು ಅದೇ. ಮೂಲ ವಿಳಾಸವೂ ಪಕ್ಕದಲ್ಲಿ ಹಾಗೇ ಇದೆ, ತಕರಾರು ಬಂದರೆ ತೋರಿಸಬೇಕಲ್ಲ. ಹೊಂದದೇ ಉಳಿದವನ್ನು ಪಂಚಾಯಿತಿಯ ಬಿಲ್ ಕಲೆಕ್ಟರ್ ಜೊತೆ ಕೂತು ಬಗೆಹರಿಸಿಕೊಂಡೆ. ಅವರಿಗೆ ಮನೆಮನೆಯೂ ಗೊತ್ತು.