ಮಳೆಗಾಲಕ್ಕೆ ಬಿಗಿದುಕೊಳ್ಳುವ ಒಪಿನೆಲ್: ಪಿನ್ನು ತೆಗೆದು ಮತ್ತೆ ಕೂರಿಸಿದ ನನ್ನ ಅನುಭವ

ಒಪಿನೆಲ್ ಎಂಬ ಮಡಚುವ ಚಾಕುವಿನ ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಸರಿ ಮಾಡಲು, ಅಲಗನ್ನು ಹಿಡಿಗೆ ಸೇರಿಸುವ ಪಿನ್ನನ್ನು ಮನೆಯಲ್ಲೇ ತೆಗೆಯಬಹುದು, ಮತ್ತೆ ಹಾಕಲೂಬಹುದು. "ಅದು ಸ್ಕ್ರೂ ಅಲ್ಲ ಮಾರಾಯ, ರಿವೆಟ್. ಒಂದ್ಸಲ ಬಿಚ್ಚಿದ್ರೆ ಅಲಗು ಅಲ್ಲಾಡೋದು ನಿಲ್ಲಲ್ಲ" ಎಂದು ಚಾಕುವಿನ ಹುಚ್ಚಿರುವ ಗೆಳೆಯರೆಲ್ಲ ಹೇಳಿದ್ದರು. ಬೆಂಗಳೂರಿನ ಅಂಗಡಿಯವರೊಬ್ಬರು ಹೊಸದನ್ನೇ ತಗೊಳ್ಳಿ ಅಂದರು. ನಾನು ಬಿಚ್ಚಿ ಜೋಡಿಸಿದ ನಂ. 8 ಅಳತೆಯ ಚಾಕು ತೀರ್ಥಹಳ್ಳಿಯ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಜುಲೈ ತಿಂಗಳಲ್ಲೂ ಉಗುರು ಸಿಕ್ಕಿಸಿ ಎಳೆದರೆ ಅಲಗು ಸಲೀಸಾಗಿ ಬರುತ್ತಿತ್ತು.

ಅಲಗು ಹೀಗೆ ಬಿಗಿದುಕೊಳ್ಳುವುದರಲ್ಲಿ ಚಾಕುವಿನ ತಪ್ಪಿಲ್ಲ. ಜೋಸೆಫ್ ಒಪಿನೆಲ್ 1890ರಲ್ಲಿ ಫ್ರಾನ್ಸಿನ ಸವಾಯ್ ಬೆಟ್ಟಗಳ ರೈತರಿಗಾಗಿ ಮಾಡಿದ್ದು ಇದು. ಬೀಚ್ ಮರದ ಒಂದೇ ತುಂಡಿನ ಹಿಡಿ, ಅದರಲ್ಲಿ ಒಂದು ಸೀಳು. ಮರ ನೀರು ಕುಡಿದರೆ ಸೀಳು ಕಿರಿದಾಗಿ ಅಲಗಿನ ಬುಡವನ್ನು ಹಿಚುಕುತ್ತದೆ. ಆಗ ಹಿಡಿಯ ಹಿಂಭಾಗವನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ತರುವ ಅಭ್ಯಾಸ ಅಲ್ಲಿನವರಿಗೇ ಇದೆ. ನಮ್ಮ ಮಳೆಗೆ ಆ ಕುಟ್ಟುವಿಕೆಯೂ ಸಾಕಾಗುವುದಿಲ್ಲ. ಇಕ್ಕಳ ಹಾಕಿ ಎಳೆಯಬೇಕಾಗುತ್ತದೆ.

ಎಲ್ಲರೂ ಹೇಳುವುದು ಹಿಡಿಗೆ ಎಣ್ಣೆ ಹಚ್ಚಿ ಅಂತ. ಹೊರಗೆ ಎಷ್ಟು ಹಚ್ಚಿದರೂ ಉಪಯೋಗವಿಲ್ಲ. ನೀರು ಹೋಗುವುದು ಸೀಳಿನೊಳಗಿಂದ, ಅದೂ ಕಾಲರ್, ಅಂದರೆ ಹಿಡಿಯ ಕತ್ತಿನ ಲೋಹದ ಪಟ್ಟಿಯ ಅಡಿಯಲ್ಲಿ ಅಡಗಿರುವ ಮರದಿಂದ. ಅಲಗು ಅಲ್ಲೇ ಕೂತಿದ್ದರೆ ಬ್ರಷ್ಷು ಅಲ್ಲಿಗೆ ಮುಟ್ಟುವುದಿಲ್ಲ. ಕೊಬ್ಬರಿ ಎಣ್ಣೆ ಹಾಕಿ ನೋಡಿದೆ. ಅದು ಒಣಗುವ ಎಣ್ಣೆಯೇ ಅಲ್ಲ, ಜಿಡ್ಡಿಗೆ ಧೂಳು ಅಂಟಿ ಸೀಳು ಇನ್ನೂ ಬಿಗಿಯಾಯಿತು. ಮೇಣ ಕರಗಿಸಿ ಸುರಿದೆ. ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಅಲಗು ಉಜ್ಜಿ ಉಜ್ಜಿ ಮೇಣವೆಲ್ಲ ಪುಡಿಯಾಗಿ ಉದುರಿತು. ಬಿಚ್ಚದೆ ಬೇರೆ ದಾರಿ ಇಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಅಲಗಿಗೆ ದಪ್ಪ ಟೇಪು ಸುತ್ತಿಯೇ ಶುರು ಮಾಡಿ. ಮೊದಲು ಲಾಕ್ ರಿಂಗ್ ಹೊರಗೆ ಬರಬೇಕು. ಕಾಲರ್ ಮೇಲೆ ತಿರುಗಿ, ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ, 1955ರಲ್ಲಿ ಸೇರಿಸಿದ ವಿರೋಬ್ಲಾಕ್ ಅದು. ಬಾಯಿ ಬಿಟ್ಟಿರುವ ರಿಂಗ್ ಆದ್ದರಿಂದ ಹೊರಕ್ಕೆ ಅಗಲಿಸುವ ಸರ್ಕ್ಲಿಪ್ ಪ್ಲೈಯರ್ ಸಾಕು. ಸ್ಕ್ರೂಡ್ರೈವರ್ ತುರುಕಿದರೆ ರಿಂಗಿನ ಅಂಚು ಕೆಡುತ್ತದೆ. ಜಾಸ್ತಿ ಅಗಲಿಸಬೇಡಿ, ಹಾಕುವಾಗ ಸಡಿಲವಾಗುತ್ತದೆ.

ಆಮೇಲೆ ಪಿನ್ನು. ಒಂದು ಕಡೆಯ ತಲೆಯನ್ನು ಸಣ್ಣ ಅರದಿಂದ ಕಾಲರ್ ಮಟ್ಟಕ್ಕೆ ಉಜ್ಜಿ, ಪಂಚ್ (ಚಪ್ಪಟೆ ತುದಿಯ ಉಕ್ಕಿನ ಕಡ್ಡಿ) ಇಟ್ಟು ಆ ಕಡೆಯಿಂದ ಹೊಡೆದೆ. ಕೆಳಗೆ ತೂತಿರುವ ಮರದ ತುಂಡು ಆಸರೆಗೆ ಬೇಕು, ಇಲ್ಲದಿದ್ದರೆ ಕಾಲರ್ ನೆಗ್ಗುತ್ತದೆ. ಪಂಚ್ ಪಿನ್ನಿಗಿಂತ ಒಂಚೂರು ಸಣ್ಣದಿರಲಿ. ಇಷ್ಟಕ್ಕೆ ಅಲಗು ಕೈಗೆ ಬರುತ್ತದೆ. ಎಲ್ಲರೂ ಹೆದರಿಸಿದ್ದ ಭಾಗ ಹತ್ತು ನಿಮಿಷದಲ್ಲಿ ಮುಗಿಯಿತು.

ಸೀಳನ್ನು ಉಜ್ಜಲು ಹ್ಯಾಕ್ಸಾ ಬ್ಲೇಡಿಗೆ ಎಮರಿ ಪೇಪರ್ ಸುತ್ತಿಕೊಂಡೆ. ಅಲಗಿನ ಬುಡ ಕೂರುವ ಜಾಗ ಮಾತ್ರ ಉಜ್ಜಿದರೆ ಸಾಕು. ನಾಲ್ಕು ಎಳೆತ, ಅಲಗು ಹಾಕಿ ನೋಡುವುದು, ಮತ್ತೆ ನಾಲ್ಕು. ಪಿನ್ನು ಸುಮ್ನೆ ತೂರಿಸಿ ತಿರುಗಿಸಿದಾಗ ಹಗುರವಾಗಿ ತಡೆಯಬೇಕು. ತನ್ನ ಭಾರಕ್ಕೇ ಅಲಗು ಬೀಳುತ್ತಿದ್ದರೆ ಉಜ್ಜಿದ್ದು ಜಾಸ್ತಿಯಾಯಿತು ಅಂತ ಅರ್ಥ.

ಎಣ್ಣೆ ಎಂದರೆ ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಲಿನ್ಸೀಡ್. ಜೊತೆಗೆ ಟರ್ಪೆಂಟೈನ್. ಅಳತೆ ನನ್ನ ಹತ್ತಿರವೇ ಇರಲಿ, ಅದಕ್ಕೆ ತುಂಬ ಎಣ್ಣೆ ದಂಡ ಮಾಡಿದ್ದೇನೆ. ಹಿಡಿಯನ್ನು ಉದ್ದನೆಯ ಬಾಟಲಿಯಲ್ಲಿ ಮುಳುಗಿಸಿಟ್ಟರೆ ಸೀಳಿನಿಂದ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು, ಒರೆಸಿ, ನೆರಳಲ್ಲಿ ನೇತುಹಾಕಿದೆ. ಎರಡು ಮೂರು ವಾರ ಮುಟ್ಟಬಾರದು. ಈ ಕೆಲಸ ಏಪ್ರಿಲ್‌ನಲ್ಲೇ ಆಗಬೇಕು. ಒದ್ದೆ ಮರಕ್ಕೆ ಎಣ್ಣೆ ಹಿಡಿಯುವುದಿಲ್ಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಲಿನ್ಸೀಡ್ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಹೆಚ್ಚು ಸತಾಯಿಸಿದ್ದು ಹೊಸ ಪಿನ್ನು. ಮೊಳೆ ಕತ್ತರಿಸಿ ಹಾಕಿದೆ, ಒಂದೇ ಮಳೆಗೆ ತುಕ್ಕು ಹಿಡಿದು ಮರವೆಲ್ಲ ಕಪ್ಪಾಯಿತು. ದಪ್ಪ ತಾಮ್ರದ ತಂತಿ ಹಾಕಿದೆ, ಮೆದುವಾಗಿದ್ದರಿಂದ ಬಾಗಿತು, ಅಲಗು ಒಂದು ಪಕ್ಕಕ್ಕೆ ವಾಲಿತು. ಕೊನೆಗೆ ಗೆದ್ದದ್ದು ಹಿತ್ತಾಳೆ ಸರಳು. ಹಳೇ ಪಿನ್ನನ್ನು ವರ್ನಿಯರ್‌ನಲ್ಲಿ ಅಳೆದು ಅದೇ ದಪ್ಪದ್ದು ತನ್ನಿ. ಎರಡೂ ಕಡೆ ಮುಕ್ಕಾಲು ಮಿಲಿಮೀಟರ್‌ನಷ್ಟು ಹೊರಗೆ ಬಿಟ್ಟು ಕತ್ತರಿಸಿ. ಕಾಲರ್ ತೂತಿನ ಅಂಚನ್ನು ದೊಡ್ಡ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಸ್ವಲ್ಪ ಕೆರೆದುಕೊಳ್ಳಿ, ಹರಡಿದ ತಲೆ ಅಲ್ಲೇ ಕೂರುತ್ತದೆ. ಹೊರಗೆ ಉಳಿದದ್ದನ್ನು ಅರದಿಂದ ಸಮ ಮಾಡಿದರೆ ರಿಂಗ್ ತಡೆಯಿಲ್ಲದೆ ತಿರುಗುತ್ತದೆ. ಸುತ್ತಿಗೆ ಏಟು ಬಹಳ ಹಗುರ, ತಲೆಯ ಅಂಚಿನ ಸುತ್ತ. ಒಂದು ಕಡೆ ನಾಲ್ಕು, ತಿರುಗಿಸಿ ನಾಲ್ಕು, ನಡುನಡುವೆ ಅಲಗು ತೆರೆದು ಮುಚ್ಚಿ ನೋಡುವುದು. ಹೊಡೆಯುವಾಗ ಪಿನ್ನು ಮಿತಿ ಮೀರಿ ಬಿಗಿಯಾಗದಂತೆ ಬುಡದ ಪಕ್ಕ ಒಂದು ತೆಳು ಪಟ್ಟಿ ಇಡುತ್ತೇನೆ. ಯಾವುದರ ಪಟ್ಟಿ ಅಂತ ಸದ್ಯಕ್ಕೆ ಹೇಳುವುದಿಲ್ಲ. ಅಲಗು ಅಲ್ಲಾಡದಿರುವ ಗುಟ್ಟು ಅದೇ.

ಖರ್ಚು: ಪ್ಲೈಯರ್ ಮುನ್ನೂರರ ಆಸುಪಾಸು, ಎಣ್ಣೆ ಮತ್ತು ಟರ್ಪೆಂಟೈನ್ ಸೇರಿ ಇನ್ನೊಂದು ಮುನ್ನೂರು, ಸರಳಿಗೆ ಐವತ್ತೋ ಅರವತ್ತೋ. ಕೆಟ್ಟುಹೋದ ಸಾಮಾನೂ ಸೇರಿಸಿದರೆ ಸಾವಿರ ದಾಟಿರಬಹುದು. ಚಾಕು ತಗೊಂಡಾಗ ಎರಡು ಸಾವಿರದ ಹತ್ತಿರ ಕೊಟ್ಟ ನೆನಪು. ಒಂದೇ ಚಾಕುವಿಗೆ ಲೆಕ್ಕ ಹಾಕಿದರೆ ಲಾಭವೇನಲ್ಲ. ಆದರೆ ಉಪಕರಣ ಉಳಿಯಿತು, ಅದರಲ್ಲೇ ಭಾವನ ನಂ. 6 ಕೂಡ ಸರಿಯಾಯಿತು. ಬಿಚ್ಚಿದ್ರೆ ಹಾಳು ಅಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಚಾಕು ತಂದುಕೊಟ್ಟಿದ್ದಾರೆ.

ಅಲಗು ಹೊರಗಿದ್ದಾಗಲೇ ಇನ್ನೊಂದು ಪ್ರಯೋಗ ಮಾಡಿದೆ. ನನ್ನದು ಕಾರ್ಬನ್ ಸ್ಟೀಲ್. ವಿನೆಗರ್‌ನಲ್ಲಿ ಅದ್ದಿದರೆ ಒಂದೇ ಸಮ ಬೂದು ಬಣ್ಣ ಬಂತು, ಅಷ್ಟೇನೂ ಚೆಂದವಿಲ್ಲ. ಹಸಿ ಅಡಿಕೆ ಕೊಯ್ದು ಹಾಗೇ ಬಿಟ್ಟರೆ ಅದರ ಒಗರು ಕಬ್ಬಿಣಕ್ಕೆ ತಾಗಿ ನೀಲಿಗಪ್ಪು ಮೋಡದ ಹಾಗೆ ಹರಡುತ್ತದೆ. ಆ ಬಣ್ಣ ಕೂತ ಕಡೆ ಕೆಂಪು ತುಕ್ಕು ನಿಧಾನ. ಸ್ಟೇನ್‌ಲೆಸ್ ಅಲಗಿದ್ದವರಿಗೆ ಈ ಭಾಗ್ಯವಿಲ್ಲ.

ಈಗ ಹಲಸಿನ ಮರದಲ್ಲಿ ಹೊಸ ಹಿಡಿ ಮಾಡುತ್ತಿದ್ದೇನೆ. ಸೀಳು ತೆಗೆಯುವುದೇ ಕಷ್ಟ, ಒಂದು ಹ್ಯಾಕ್ಸಾ ಬ್ಲೇಡಿನ ಗೀರು ಅಲಗಿಗೆ ಸಾಲದು. ಎರಡು ಬ್ಲೇಡು ಜೋಡಿಸಿ ಟೇಪು ಸುತ್ತಿ ಕೊಯ್ದಾಗ ಹತ್ತಿರ ಬಂತು, ಆದರೆ ತುದಿಯಲ್ಲಿ ಗೀರು ಸೊಟ್ಟ ಹೋಗುತ್ತಿದೆ. ಮರದ ತುಂಡನ್ನು ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ ಎರಡೂ ಬದಿಯಿಂದ ಕೊಯ್ಯುವುದು ಮುಂದಿನ ಪ್ರಯತ್ನ.