ಕ್ಯಾಮೆರಾ ತೋರಿಸಿದ ಬಿಳಿ ಜಾಕೆಟ್: ನನ್ನ ಅನುಭವ

ಸಿಸಿಟಿವಿ ಫೂಟೇಜ್ ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಮೇಡಂ, ಮುಖ ಸ್ವಲ್ಪ ಕ್ಲಿಯರ್ ಮಾಡಿಕೊಡಿ." ಮುಖ ಹತ್ತು ಹನ್ನೆರಡು ಪಿಕ್ಸೆಲ್ ಅಗಲ ಇದ್ದರೆ ಅದು ಆಗದ ಮಾತು. ಎಐ ಆಪ್‌ಗಳು ಮಾಡಿಕೊಡುತ್ತವೆ, ನಿಜ. ಆದರೆ ಇಲ್ಲದ್ದನ್ನು ಊಹಿಸಿ ತುಂಬಿದ ಆ ಮುಖ ಯಾರದ್ದೂ ಅಲ್ಲ. ಅಂಥದ್ದನ್ನು ಇಟ್ಟುಕೊಂಡು ಒಬ್ಬರನ್ನು ಹಿಡಿಯಬಾರದು, ಅಲ್ವಾ?

ಒಂದು ಅಂಗಡಿ ಕಳ್ಳತನದ ಕೇಸಿನಲ್ಲಿ ನನಗೆ ಮೊದಲು ಬಂದದ್ದು ಮಾನಿಟರನ್ನೇ ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊ. ಕ್ಯಾಮೆರಾ ಚಿತ್ರಗಳನ್ನು ರೆಕಾರ್ಡ್ ಮಾಡಿ ಇಡುವ ಡಬ್ಬಿ, ಡಿವಿಆರ್, ಇರುವಲ್ಲಿಗೇ ಬರುತ್ತೇನೆ ಎಂದೆ. ತಡಮಾಡುವಂತಿರಲಿಲ್ಲ. ಡಿಸ್ಕ್ ತುಂಬಿದರೆ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂರುತ್ತದೆ.

ಹೋದ ತಕ್ಷಣ ಡಿವಿಆರ್ ಗಡಿಯಾರವನ್ನು ನನ್ನ ಮೊಬೈಲ್ ಸಮಯಕ್ಕೆ ಹೋಲಿಸಿದೆ. ಡಿವಿಆರ್ 23 ನಿಮಿಷ ಮುಂದಿತ್ತು. ಅದನ್ನು ಬರೆದುಕೊಂಡೆ, ಸರಿಪಡಿಸಲಿಲ್ಲ. ಮೂಲ ಫೈಲ್ ಕಾಪಿ ಮಾಡಿ ಹ್ಯಾಶ್ ತೆಗೆದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಸ್ವಲ್ಪ ಬದಲಾದರೂ ಅದು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಬೇಕು.

ಅಷ್ಟರಲ್ಲಿ ಒಬ್ಬ ಹುಡುಗನನ್ನು ಠಾಣೆಯಲ್ಲಿ ಕೂರಿಸಿದ್ದರು. ಫೂಟೇಜಿನಲ್ಲಿ ಕಂಡದ್ದು ಬಿಳಿ ಜಾಕೆಟ್, ಅವನ ಮನೆಯಲ್ಲಿ ಸಿಕ್ಕಿದ್ದೂ ಬಿಳಿ ಜಾಕೆಟ್.

ನನಗೆ ಅನುಮಾನ ಇತ್ತು. ಕತ್ತಲಾದ ಮೇಲೆ ಇಂಥ ಕ್ಯಾಮೆರಾಗಳು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತವೆ. ಚಿತ್ರ ಕಪ್ಪು ಬಿಳುಪಿಗೆ ತಿರುಗುತ್ತದೆ. ಕೆಲವು ಬಟ್ಟೆಗಳ ಕಪ್ಪು ಬಣ್ಣ ಈ ಬೆಳಕನ್ನು ಹೀರಿಕೊಳ್ಳುವುದಿಲ್ಲ, ವಾಪಸ್ ಕಳಿಸುತ್ತದೆ. ಆ ರಾತ್ರಿ ಲೈಟ್ ಆರಿಸಿ ಅದೇ ಕ್ಯಾಮೆರಾ ಮುಂದೆ ನಿಂತೆ. ನಾನು ಹಾಕಿದ್ದ ಕಪ್ಪು ಪಾಲಿಯೆಸ್ಟರ್ ದುಪಟ್ಟಾ ಮಾನಿಟರಿನಲ್ಲಿ ಬೆಳ್ಳಗೆ ಕಾಣಿಸಿತು. ಇನ್‌ಸ್ಪೆಕ್ಟರ್ ಎರಡು ಸಲ ಹೊರಗೆ ಬಂದು ದುಪಟ್ಟಾ ನೋಡಿ ಹೋದರು. ಹುಡುಗನ ಬಿಳಿ ಜಾಕೆಟ್ ಕೂಡ ಬೆಳ್ಳಗೇ ಕಂಡಿತು. ಅಂದರೆ ಬಣ್ಣದಿಂದ ಆ ಕಡೆಗೂ ಈ ಕಡೆಗೂ ಏನೂ ಹೇಳುವಂತಿಲ್ಲ.

ಉಳಿದದ್ದು ಎತ್ತರ. ಗೋಡೆಯ ಬಿರುಕು, ಶಟರಿನ ಅಂಚು ಹಳೆಯ ಫ್ರೇಮಿನಲ್ಲಿ ಇದ್ದಲ್ಲೇ ಇವೆಯೇ ಎಂದು ನೋಡಿ, ಕ್ಯಾಮೆರಾ ಅಲುಗಿಲ್ಲ ಎಂದು ಖಚಿತ ಮಾಡಿಕೊಂಡೆ. ಕಳ್ಳ ಕಾಲಿಟ್ಟ ಟೈಲ್ಸ್ ಮೇಲೇ ಅಳತೆ ಕೋಲು ನಿಲ್ಲಿಸಿ ರೆಕಾರ್ಡ್ ಮಾಡಿದೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟೆ. ನೆಟ್ಟಗೆ ನಿಂತ ಮೂರು ಫ್ರೇಮುಗಳಲ್ಲಿ ಅಳೆದಾಗ ಸುಮಾರು 175 ಸೆಂಟಿಮೀಟರ್ ಬಂತು. ಚಪ್ಪಲಿ, ಭಂಗಿ, ಮಸುಕು ಎಲ್ಲ ಸೇರಿಸಿ ಆಚೆ ಈಚೆ 4 ಸೆಂಟಿಮೀಟರ್ ಬಿಟ್ಟೆ. ಹುಡುಗ 163 ಇದ್ದ. ಅವನಲ್ಲ.

ಆಮೇಲೆ ಉಪಯೋಗಕ್ಕೆ ಬಂದದ್ದು ಆ 23 ನಿಮಿಷ. ಪೊಲೀಸರು ಹತ್ತಿರದ ಪೆಟ್ರೋಲ್ ಬಂಕಿನ ಫೂಟೇಜನ್ನು ತಪ್ಪು ಸಮಯಕ್ಕೆ ನೋಡಿ ಬಿಟ್ಟಿದ್ದರು. ಸರಿಯಾದ ಸಮಯಕ್ಕೆ ನೋಡಿದರೆ ದೊಡ್ಡ ಲೈಟ್ ಕೆಳಗೆ ಒಂದು ಬೈಕ್, ನಂಬರ್ ಪ್ಲೇಟ್ ಸಮೇತ. ಸವಾರನ ಜಾಕೆಟ್ ಕಪ್ಪು. ಎಡ ಜೇಬಿನ ಹೊಲಿಗೆ ಬಿಚ್ಚಿ ಜೋತಾಡುತ್ತಿತ್ತು. ಅಂಗಡಿಯ ಫೂಟೇಜಿನಲ್ಲೂ ಅದೇ ಜಾಗದಲ್ಲಿ ಅದೇ ಆಕಾರದ ತುಂಡು ಇತ್ತು.

ವರದಿಯಲ್ಲಿ "ಇವನೇ" ಎಂದು ನಾನು ಬರೆಯಲಿಲ್ಲ. ಜಾಕೆಟ್ ಹೊಂದುತ್ತದೆ, ಎತ್ತರ ಹೊಂದುತ್ತದೆ, ಹೊಂದದ ಲಕ್ಷಣ ಕಾಣಲಿಲ್ಲ ಎಂದಷ್ಟೇ ಬರೆದೆ. ಉಳಿದದ್ದನ್ನು ಬೈಕ್ ನಂಬರ್ ಹಿಡಿದು ಪೊಲೀಸರು ಪತ್ತೆಮಾಡಿದರು. ಹುಡುಗ ಆಗಲೇ ಮನೆಗೆ ಹೋಗಿದ್ದ. ಅವನ ಬಿಳಿ ಜಾಕೆಟ್ ಇನ್ನೂ ನನ್ನ ಹತ್ತಿರ ಇತ್ತು. ಅದನ್ನು ಸೀಲ್ ಮಾಡಿ ವರದಿಯ ಜೊತೆ ವಾಪಸ್ ಕಳಿಸಿದೆ.